ಭಂಗಾರದ ಅಂಗಡಿಯಿಂದ ಹೊಲಿಗೆ ಖೋಲಿ: ಹಳೇ ಸಾಮಾನಿನಲ್ಲಿ ಮನೆಯ ಕರಕುಶಲ ಕೋಣೆ ಸಜ್ಜು ಮಾಡುವ ಬಗೆ

ನಮ್ಮ ಕಲಬುರಗಿ ಕಡೆ ಗುಜರಿ ಅಂಗಡಿಗೆ ಭಂಗಾರದ ಅಂಗಡಿ ಅಂತಾರೆ. ಬೆಂಗಳೂರಿನ ಗೆಳತಿಗೆ ಫೋನಿನಲ್ಲಿ "ಭಂಗಾರದ ಅಂಗಡಿಗೆ ಹೋಗಿ ಟೇಬಲ್ ತಂದೆ" ಅಂದಾಗ ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಒಂದು ಮಹಾಪ್ರಾಣದ ವ್ಯತ್ಯಾಸ ಅಷ್ಟೇ, ಅಲ್ವಾ?

ನಮ್ಮ ಮಾಳಿಗೆ ಮೇಲಿನ ಖೋಲಿ 10 ಅಡಿ ಅಗಲ, 11 ಅಡಿ ಉದ್ದ. ಮೊದಲು ಅಲ್ಲಿ ಹಳೇ ಕೂಲರ್, ಮುರಿದ ಸೈಕಲ್ಲು, ಹಬ್ಬದ ಪಾತ್ರೆ ಇದ್ದವು. ಈಗ ಕಾಲಿನ ಹೊಲಿಗೆ ಮಷಿನ್ ಇದೆ, ಬಟ್ಟೆ ಕತ್ತರಿಸುವ ಟೇಬಲ್ ಇದೆ, ಅಲಮಾರಿ, ರ‍್ಯಾಕ್, ಗುಂಡಿ–ಮಣಿಗೆ ಖಾನೆಗಳು ಇವೆ. ನಡುವೆ ಕೌದಿ (ಹಳೇ ಬಟ್ಟೆ ಜೋಡಿಸಿ ಹೊಲಿಯುವ ಹೊದಿಕೆ) ಹಾಸುವಷ್ಟು ಖಾಲಿ ನೆಲವೂ ಉಳಿದಿದೆ. ಟ್ಯೂಬ್‌ಲೈಟ್, ವೈರು, ಸೂಜಿ, ದಾರ, ರಿಪೇರಿಯ ಸಣ್ಣಪುಟ್ಟ ಸಾಮಾನು ಬಿಟ್ಟರೆ ಹೊಸದು ಏನೂ ಇಲ್ಲ. ಎಲ್ಲ ಸೇರಿ ಸುಮಾರು 16,000 ರೂಪಾಯಿ ಆಯಿತು, ಎಂಟು ತಿಂಗಳು ಹಿಡಿಯಿತು. ಇದರ ಮೇಲೆ 2,300 ರೂಪಾಯಿ ದಂಡ ಬೇರೆ ಕಟ್ಟಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಸಾಮಾನಿನ ಬೆಲೆ ಅಂದರೆ ಅಂಗಡಿಯವನು ಹೇಳುವ ಬೆಲೆ ಅಲ್ಲ. ಅದಕ್ಕೆ ಟಂಟಂ (ಸಾಮಾನು ಸಾಗಿಸುವ ಮೂರು ಗಾಲಿಯ ಗಾಡಿ) ಬಾಡಿಗೆ, ಹಮಾಲಿ, ರಿಪೇರಿ, ಬಣ್ಣ ಎಲ್ಲ ಕೂಡಿಸಬೇಕು. ಈ ಲೆಕ್ಕ ಮನಸ್ಸಿನಲ್ಲೇ ಮಾಡಲು ಬಂದರೆ ಅರ್ಧ ಕೆಲಸ ಆದಂತೆ. ನನಗೆ ಬರುತ್ತಿರಲಿಲ್ಲ, ಕಲಿತದ್ದು ದಂಡ ಕಟ್ಟಿದ ಮೇಲೆ.

ಮೊದಲು ಖಾಲಿ ಖೋಲಿಯಲ್ಲಿ ಕೂತು ನೋಡಿ

ಖೋಲಿ ಪೂರ್ತಿ ಖಾಲಿ ಮಾಡಿ, ಗುಡಿಸಿ, ಒಂದು ಚಾಪೆ ಹಾಸಿಕೊಂಡು ನಾಲ್ಕು ದಿನ ಅಲ್ಲೇ ಕೆಲಸ ಮಾಡಿ. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಯಾವ ಗೋಡೆ ಕಾದು ಹಂಚಾಗುತ್ತದೆ, ಸ್ವಿಚ್ ಬೋರ್ಡ್ ಎಲ್ಲಿದೆ, ಬಾಗಿಲು ಯಾವ ಕಡೆ ತೆರೆಯುತ್ತದೆ – ಇವೆಲ್ಲ ಆಗಲೇ ಗೊತ್ತಾಗುವುದು.

ನನಗೆ ಮೊದಲು ತೋಚಿದ್ದು ನಡುವೆ ದೊಡ್ಡ ಟೇಬಲ್ ಹಾಕಬೇಕು ಅಂತ. ಮೊಬೈಲಿನಲ್ಲಿ ನೋಡಿದ ಖೋಲಿಗಳೆಲ್ಲ ಹಾಗೇ ಇದ್ದವು. ನಮ್ಮ ಅತ್ತೆ ಬಾಗಿಲಲ್ಲೇ ನಿಂತು, "ಕೌದಿ ಎಲ್ಲಿ ಹಾಸ್ತಿಯವ್ವ, ತೆಲಿ ಮ್ಯಾಲ?" ಅಂದರು. ಅವರ ಮಾತು ನಿಜ. ನಮ್ಮ ಕಡೆಯ ಕೆಲಸ ನೆಲದ ಮೇಲಿನ ಕೆಲಸ. ಕೌದಿಗೆ ಕಡಿಮೆ ಅಂದರೂ 7 ಅಡಿ ಉದ್ದ, 5 ಅಡಿ ಅಗಲ ಜಾಗ ಬೇಕು. ಸುತ್ತ ಕೂರಲು ಇನ್ನಷ್ಟು ಬೇಕು. ಹಾಗಾಗಿ ಸಾಮಾನೆಲ್ಲ ಗೋಡೆಗೆ, ನಡು ಖಾಲಿ. ನಿಮ್ಮದು ಬರೀ ಬ್ಲೌಸ್ ಹೊಲಿಗೆಯೋ ಕುಂಬಾರಿಕೆಯೋ ಪೇಂಟಿಂಗೋ ಆಗಿದ್ದರೆ ಈ ಲೆಕ್ಕ ಬೇರೆ. ಆದರೆ ಯಾವ ಕೆಲಸ ನಿಂತು, ಯಾವುದು ಕೂತು, ಯಾವುದು ನೆಲದಲ್ಲಿ ಅನ್ನುವುದು ಮೊದಲೇ ಗೊತ್ತಿರಲಿ.

ಆಮೇಲೆ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆಯಿರಿ. ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು, ಇದ್ದರೆ ಬರೆದದ್ದು ಚೆನ್ನಾಗಿ ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ಸ್ಟೀಲ್ ಅಲಮಾರಿ ಸಾಮಾನ್ಯವಾಗಿ 78 ಇಂಚು ಎತ್ತರ, 36 ಇಂಚು ಅಗಲ, 19 ಇಂಚು ಆಳ. ಅದರ ಬಾಗಿಲು ತೆರೆಯಲು ಮುಂದೆ 18 ಇಂಚು ಬಿಡಿ. ಕಾಲಿನ ಮಷಿನ್‌ಗೆ ಸುಮಾರು ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಜೊತೆಗೆ ಸ್ಟೂಲು ಹಿಂದೆ ಸರಿಯಲು ಎರಡು ಅಡಿ.

ಖೋಲಿಯ ಅಳತೆಗಿಂತ ಮುಖ್ಯವಾದದ್ದು ದಾರಿಯ ಅಳತೆ. ಬಾಗಿಲಿನ ಅಗಲ, ಮೆಟ್ಟಿಲಿನ ಅಗಲ, ಮೆಟ್ಟಿಲು ತಿರುಗುವಲ್ಲಿನ ಜಾಗ, ತಲೆ ಮೇಲಿನ ಎತ್ತರ. 78 ಇಂಚಿನ ಅಲಮಾರಿ ಬಾಗಿಲಲ್ಲಿ ಅಡ್ಡವಾಗಿ ತೂರುತ್ತದೆ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮದನ್ನು ಕೊನೆಗೆ ಹಗ್ಗ ಕಟ್ಟಿ ಹೊರಗಿಂದ ಮಾಳಿಗೆಗೆ ಎಳೆದರು. ಬೀದಿಯವರೆಲ್ಲ ನೋಡಲು ನಿಂತಿದ್ದರು. ಈ ಅಳತೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿ. ಅದರ ಜೊತೆಗೆ ಅಳತೆ ಟೇಪ್ ಇಲ್ಲದೆ ಯಾವ ಅಂಗಡಿಗೂ ಹೋಗಬೇಡಿ.

ಯಾವುದು ಹಳೇದು, ಯಾವುದು ಹೊಸದು

ಕಬ್ಬಿಣ, ಒಳ್ಳೆ ಮರ, ಗಾಜು, ತಗಡು, ಕಾಲಿನ ಮಷಿನ್ – ಇವೆಲ್ಲ ಹಳೇದೇ ವಾಸಿ. ಇವತ್ತಿನ ಅಗ್ಗದ ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಅಂಟಿಸಿ ಮಾಡಿದ ಹಲಗೆ) ಟೇಬಲ್ಲಿಗಿಂತ ಮೂವತ್ತು ವರ್ಷದ ಶಾಲೆ ಬೆಂಚು ಗಟ್ಟಿ. ಪಾರ್ಟಿಕಲ್ ಬೋರ್ಡ್ ಸಾಮಾನು ಹಳೇದಾದರೆ ಪುಕ್ಕಟೆ ಕೊಟ್ಟರೂ ಬೇಡ. ನೀರು ತಾಗಿದ ಕಡೆ ಉಬ್ಬಿರುತ್ತದೆ, ಬಿಚ್ಚಿದ ಸ್ಕ್ರೂ ಮತ್ತೆ ಕೂರುವುದಿಲ್ಲ.

ವೈರು, ಎಕ್ಸ್‌ಟೆನ್ಷನ್ ಬೋರ್ಡು, ಪ್ಲಗ್ಗು ಹಳೇದು ಬೇಡ. ಹತ್ತಿ ಗಾದಿ, ಫೋಮು, ಕುಶನ್ನು ಬೇಡವೇ ಬೇಡ. ಇಸ್ತ್ರಿ ಪೆಟ್ಟಿಗೆ ಹಳೇದು ಕೊಂಡರೆ ಅದರ ವೈರು ಬದಲಿಸಿಯೇ ಬಳಸಿ.

ಕೊಳ್ಳುವ ಕ್ರಮವೂ ಇದೆ. ಮೊದಲು ಮಷಿನ್, ಆಮೇಲೆ ಟೇಬಲ್, ಆಮೇಲೆ ಸಾಮಾನು ಇಡುವ ಜಾಗ. ಜನ ಉಲ್ಟಾ ಮಾಡುತ್ತಾರೆ. ಚಂದದ ಡಬ್ಬಿ, ಬುಟ್ಟಿ ಮೊದಲು ತರುತ್ತಾರೆ, ಆಮೇಲೆ ಅದರಲ್ಲಿ ಏನಿಡುವುದು ಅಂತ ಯೋಚಿಸುತ್ತಾರೆ. ನಾನೂ ಮಾಡಿದ್ದೇ ಅದು.

ಎಲ್ಲಿ ಹುಡುಕುವುದು, ಯಾವಾಗ ಹುಡುಕುವುದು

ಅಂಗಡಿಗಿಂತ ಸಮಯ ಮುಖ್ಯ. ಮೇ–ಜೂನ್‌ನಲ್ಲಿ ಸರಕಾರಿ ನೌಕರರ ವರ್ಗಾವಣೆ ಆಗುತ್ತದೆ, ಓದುವ ಹುಡುಗರು ರೂಮು ಖಾಲಿ ಮಾಡುತ್ತಾರೆ. ಗುಲಬರ್ಗಾ ವಿಶ್ವವಿದ್ಯಾಲಯ ಇರುವ ಸೇಡಂ ರಸ್ತೆ ಕಡೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವ ಆಳಂದ ರಸ್ತೆ ಕಡೆ ಬಾಡಿಗೆ ರೂಮುಗಳು ಜಾಸ್ತಿ. ಹುಡುಗರು ಊರಿಗೆ ಹೊತ್ತೊಯ್ಯಲಾಗದ ಟೇಬಲ್ಲು, ರ‍್ಯಾಕು ಬಂದ ಬೆಲೆಗೆ ಕೊಡುತ್ತಾರೆ. ಮನೆ ಮಾಲೀಕರಿಗೆ ಮೊದಲೇ ಹೇಳಿ ಇಟ್ಟಿರಿ. ದಸರೆ–ದೀಪಾವಳಿ ಮುಂಚೆ ಮನೆ ಸುಣ್ಣ ಬಣ್ಣ ಮಾಡುವಾಗ ಇನ್ನೊಂದು ಸುತ್ತು ಸಾಮಾನು ಹೊರಗೆ ಬರುತ್ತದೆ.

ಹಳೇ ಊರಿನಲ್ಲಿ, ಬ್ರಹ್ಮಪುರ, ಶಹಾಬಜಾರ್ ಕಡೆ, ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಲೇ ಇರುತ್ತಾರೆ. ಕೆಡವುವ ಗುತ್ತೇದಾರನಿಗೆ ಬಾಗಿಲು, ಕಿಡಕಿ, ತೊಲೆ ಸೇರುತ್ತವೆ. ಅವನ ಹತ್ತಿರ ಅಲ್ಲೇ ಮಾತಾಡಿ. ಒಂದು ವಾರ ತಡ ಮಾಡಿದರೆ ಅದೇ ಬಾಗಿಲು ಅಂಗಡಿ ಸೇರಿ ಎರಡು ಪಟ್ಟು ಬೆಲೆ ಆಗಿರುತ್ತದೆ. ದವಾಖಾನೆ, ಬ್ಯಾಂಕು, ಕೋಚಿಂಗ್ ಕ್ಲಾಸು ನವೀಕರಣ ಆಗುವಾಗಲೂ ಹೀಗೇ. ಸರಕಾರಿ ಕಚೇರಿಗಳ ಹಳೇ ಕುರ್ಚಿ–ಟೇಬಲ್ಲು ಹರಾಜಿಗೆ ಬರುತ್ತವೆ. ಆದರೆ ಅಲ್ಲಿ ಒಟ್ಟಿಗೆ ಲಾಟು ಕೊಳ್ಳಬೇಕು, ನಮಗೆ ಒಂದೇ ಬೇಕಾಗಿರುತ್ತದೆ. ಹರಾಜು ಹಿಡಿದ ವ್ಯಾಪಾರಿಯನ್ನು ಮರುದಿನ ಹೋಗಿ ಕಾಣುವುದೇ ಸಲೀಸು.

ಮೊಬೈಲ್ ಆ್ಯಪ್‌ನಲ್ಲಿ ಕೊಳ್ಳುವಾಗ, ಮಾರುವಾಗ ಒಂದೇ ಎಚ್ಚರ. ನಿಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಯಾರಾದರೂ ಹಾಗೆ ಹೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ. ಸಾಮಾನು ಕಣ್ಣಾರೆ ನೋಡದೆ ಮುಂಗಡ ಕೊಡಲೇಬೇಡಿ.

ತೂಕದ ಲೆಕ್ಕ

ಇದು ನನಗೆ ಒಬ್ಬ ಹಳೇ ಹಮಾಲಿ ಚಾಚಾ ಹೇಳಿಕೊಟ್ಟ ಗುಟ್ಟು. ಭಂಗಾರದ ಅಂಗಡಿಗೆ ಕಬ್ಬಿಣ ಬರುವುದು ಕಿಲೋ ಲೆಕ್ಕದಲ್ಲಿ. ಆದರೆ ರ‍್ಯಾಕು ಚೆನ್ನಾಗಿ ಕಂಡರೆ ಅದನ್ನು ಬದಿಗಿಟ್ಟು "ಫರ್ನಿಚರ್" ಬೆಲೆ ಹೇಳುತ್ತಾರೆ. ಬಿಚ್ಚಿ ಹಾಕಿದ ಆಂಗಲ್ ರ‍್ಯಾಕಿನ ಪಟ್ಟಿಗಳು ಬೇರೆ ರಾಶಿಯಲ್ಲಿ ಬಿದ್ದಿರುತ್ತವೆ. ಅವು ಕಿಲೋ ಲೆಕ್ಕವೇ.

"ಇದು ಹೆಂಗ ಹೇಳ್ತೀರಿ ಅಣ್ಣಾ?"

"ಅಕ್ಕಾರ, ರ‍್ಯಾಕ್ ಅದ ರೀ. ಎರಡೂವರಿ ಸಾವಿರ."

"ನಿಂತಿದ್ರ ರ‍್ಯಾಕು. ಮಲಗಿದ್ರ ಕಬ್ಬಿಣ ಅಲ್ಲೇನ್ರಿ? ಕಾಟಾಕ್ಕ ಹಾಕ್ರಿ."

ಅವನು ನಕ್ಕು ತಕ್ಕಡಿಗೆ ಹಾಕಿದ. 24 ಕಿಲೋ ಬಂತು. ಕಿಲೋಗೆ 40 ರೂಪಾಯಿಯಂತೆ 960 ಕೊಟ್ಟು ತಂದೆ. ಕಬ್ಬಿಣದ ದರ ದಿನಕ್ಕೊಂದು ಥರ ಇರುತ್ತದೆ, ಆದ್ದರಿಂದ ಹೋಗುವ ಮುಂಚೆ ಇನ್ನೊಂದು ಅಂಗಡಿಯಲ್ಲಿ ಅವತ್ತಿನ ದರ ಕೇಳಿ. ನೀವು ಕೊಡುವುದು ಅವರು ಮಂದಿಯಿಂದ ಕೊಳ್ಳುವ ದರಕ್ಕಿಂತ ಜಾಸ್ತಿಯೇ ಇರಲಿ, ಅವರದೂ ಹೊಟ್ಟೆಪಾಡು. ಮರದ ಸಾಮಾನಿಗೆ ಮಾತ್ರ ಈ ಆಟ ನಡೆಯುವುದಿಲ್ಲ.

ಇಷ್ಟವಾದದ್ದನ್ನು ಮೊದಲು ಮುಟ್ಟಬೇಡಿ. ಬೇಡದ ಎರಡು ಸಾಮಾನಿನ ಬೆಲೆ ಕೇಳಿ, ಆಮೇಲೆ ಸುಮ್ನೆ ಕೇಳಿದ ಹಾಗೆ ಅದರ ಬೆಲೆ ಕೇಳಿ. ಕೊನೆಗೆ, ಟಂಟಂ ಬಾಡಿಗೆ ಅವರದೇ ಅಂತ ಸೇರಿಸಿ ಮಾತು ಮುಗಿಸಿ. ಅವರಿಗೆ ಗೊತ್ತಿರುವ ಟಂಟಂದವರು ಕಡಿಮೆಗೆ ಬರುತ್ತಾರೆ.

ಹೊಲಿಗೆ ಮಷಿನ್: ಗಾಲಿ ತಿರುಗಿಸುವ ಮುಂಚೆ ದುಡ್ಡು ತೆಗೆಯಬೇಡಿ

ಇಲ್ಲಿ ಅವಸರ ಬೇಡ. ಕಾಲಿನ ಕಪ್ಪು ಮಷಿನ್ ಎರಕದ ಕಬ್ಬಿಣದ್ದು, ಅದಕ್ಕೆ ಸಾವಿಲ್ಲ. ಕರೆಂಟು ಹೋದರೂ ನಡೆಯುತ್ತದೆ. ಮುಂದೆ ಬೇಕಾದರೆ ಸಣ್ಣ ಮೋಟರ್ ಹಾಕಿಸಬಹುದು. ಆದರೆ ಎರಡು ಥರದ ಹಳೇ ಮಷಿನ್ ಇರುತ್ತವೆ: ಎಣ್ಣೆ ಅಂಟಿ ನಿಂತದ್ದು, ಸವೆದು ನಿಂತದ್ದು. ಮೊದಲನೆಯದು ಲಾಭ, ಎರಡನೆಯದು ತಲೆನೋವು.

ನೋಡಲು ಹೋಗುವಾಗ ನಿಮ್ಮದೇ ಹೊಸ ಸೂಜಿ, ಒಳ್ಳೆ ದಾರ, ಹಳೇ ಸೀರೆಯ ತುಂಡು, ಜೀನ್ಸ್ ಪ್ಯಾಂಟಿನ ತುಂಡು ಒಯ್ಯಿರಿ. ಅಂಗಡಿಯಲ್ಲಿ ಕೊಡುವ ಬಟ್ಟೆಯ ಮೇಲೆ ಎಲ್ಲ ಮಷಿನ್ನೂ ಚೆನ್ನಾಗಿಯೇ ಹೊಲಿಯುತ್ತದೆ.

ಮೊದಲು ದಾರ ಹಾಕದೆ ಕೈಯಿಂದ ಗಾಲಿ ತಿರುಗಿಸಿ, ನಿಮ್ಮ ಕಡೆಗೆ. ಒಂದೇ ಸಮ ತಿರುಗಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದರೆ ಒಳಗೆ ಏನೋ ಬಾಗಿದೆ. ಸೂಜಿ ಹಿಡಿಯುವ ಸರಳನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡಿದರೆ ಸವೆದಿದೆ ಅಂತ ಅರ್ಥ. ಸೂಜಿ ಇಳಿಯುವ ತೂತಿನ ಸುತ್ತ ಗೀರು ಇದೆಯಾ, ಬಟ್ಟೆ ಎಳೆಯುವ ಹಲ್ಲುಗಳು ಚೂಪಾಗಿವೆಯಾ ನೋಡಿ. ಬೆರಳು ಸವರಿದರೆ ತರಿತರಿ ಅನ್ನಬೇಕು. ಬಾಬಿನ್ ಕೇಸ್ (ಕೆಳಗಿನ ದಾರದ ಸುರುಳಿ ಕೂರುವ ಸಣ್ಣ ಡಬ್ಬಿ) ಇದೆಯಾ, ಅಂಥದೇ ಹೊಸದು ಊರಲ್ಲಿ ಸಿಗುತ್ತದಾ ಕೇಳಿ. ಇದನ್ನು ಮರೆತರೆ ಇಡೀ ಮಷಿನ್ ಒಂದು ಸಣ್ಣ ತುಂಡಿಗಾಗಿ ಮೂಲೆ ಸೇರುತ್ತದೆ.

ಆಮೇಲೆ ದಾರ ಹಾಕಿ ಹೊಲಿಯಿರಿ. ಮೇಲಿನ ದಾರ ಒಂದು ಬಣ್ಣ, ಬಾಬಿನ್ ದಾರ ಇನ್ನೊಂದು ಬಣ್ಣ ಇರಲಿ. ಬಟ್ಟೆ ತಿರುವಿ ನೋಡಿ. ಕೆಳಗೆ ಮೇಲಿನ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಹೆದರಬೇಡಿ. ದಾರ ಸರಿಯಾಗಿ ಹಾಕಿಲ್ಲ, ಇಲ್ಲವೇ ಮೇಲಿನ ಟೆನ್ಷನ್ (ದಾರದ ಬಿಗಿ) ಸಡಿಲ. ಇದನ್ನು ನಿಂತ ಜಾಗದಲ್ಲೇ ಸರಿ ಮಾಡಬಹುದು. ಜೀನ್ಸ್ ತುಂಡಿಗೆ 16 ಇಲ್ಲವೇ 18ರ ಸೂಜಿ ಹಾಕಿ. ನಾಲ್ಕು ಮಡಿಕೆ ದಾಟುವಾಗ ಹೊಲಿಗೆ ತಪ್ಪಿದರೆ ಮಾತ್ರ ಯೋಚಿಸಿ. ಕೌದಿಯ ಅಂಚು ಇದಕ್ಕಿಂತ ದಪ್ಪ ಇರುತ್ತದೆ.

ನಾನು ತಂದ ಮಷಿನ್ ನಮ್ಮ ಓಣಿಯ ವಯಸ್ಸಾದ ದರ್ಜಿಯೊಬ್ಬರದು. ಎರಡು ವರ್ಷ ಮೂಲೆಯಲ್ಲಿ ನಿಂತಿತ್ತು. ಗಾಲಿ ಅಲ್ಲಾಡಲೇ ಇಲ್ಲ. ನೋಡಲು ಬಂದವರೆಲ್ಲ ಕೈಬಿಟ್ಟು ಹೋಗಿದ್ದರು. ನಾನು ಮೆಕ್ಯಾನಿಕ್‌ನನ್ನೇ ಕರೆದುಕೊಂಡು ಹೋದೆ. ಅವನು ಎಣ್ಣೆ ತೂತುಗಳಿಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು, "ಚಾ ಕುಡಿಯೋಣ ಬರ್ರಿ" ಅಂದ. ಅರ್ಧ ಗಂಟೆ ಆದ ಮೇಲೆ ಗಾಲಿಯನ್ನು ಮಗುವಿನ ತೊಟ್ಟಿಲ ತೂಗಿದ ಹಾಗೆ ಹಿಂದೆ ಮುಂದೆ ಮಾಡಿದ. ಮೊದಲು ಕೂದಲೆಳೆಯಷ್ಟು, ಆಮೇಲೆ ಒಂದು ಇಂಚು, ಆಮೇಲೆ ಗರ್ರನೆ ಒಂದು ಸುತ್ತು. ತೂತಿನಿಂದ ಬೆಲ್ಲದ ಪಾಕದಂಥ ಕಂದು ರಸ ಇಳಿಯಿತು. ಕೊಬ್ಬರಿ ಎಣ್ಣೆ! ಮನೆಯವರು ಮಷಿನ್ ಎಣ್ಣೆ ಬದಲು ತಲೆಗೆ ಹಚ್ಚುವ ಎಣ್ಣೆ ಬಿಟ್ಟಿದ್ದರು. ಅದು ಬರಬರುತ್ತಾ ಅಂಟಾಗುತ್ತದೆ. ಹೀಗೆ ಸಲೀಸಾಗಿ ಬಿಟ್ಟುಕೊಂಡರೆ ಅದು ಎಣ್ಣೆ ಅಂಟಿದ್ದು, ಕೊಳ್ಳಿ. ಕರಕರ ಅಂದರೆ ವಾಪಸ್ ಬನ್ನಿ. ಸೀಮೆಎಣ್ಣೆ ಹಾಕಿದಾಗ ಹತ್ತಿರ ದೀಪ, ಊದಿನಕಡ್ಡಿ ಇರಬಾರದು. ಕೆಲಸ ಆದ ಮೇಲೆ ಅದನ್ನೆಲ್ಲ ಒರೆಸಿ, ಮಷಿನ್ ಎಣ್ಣೆ ಬಿಡಬೇಕು.

ಮಷಿನ್ 3,000. ಶುದ್ಧ ಮಾಡಿ, ಹೊಸ ಚರ್ಮದ ಬೆಲ್ಟು, ಬಾಬಿನ್ ಕೇಸು ಹಾಕಿದ್ದಕ್ಕೆ 1,150. ಮೆಕ್ಯಾನಿಕ್‌ಗೆ ನೋಡಲು ಬಂದ ಕೂಲಿ ಕೊಡಲು ಹೋದರೆ ಚಹಾ ಸಾಕು ಅಂದ.

ಬಾಗಿಲನ್ನೇ ಟೇಬಲ್ ಮಾಡುವುದು

ಕತ್ತರಿಸುವ ಟೇಬಲ್ ಕೊಳ್ಳಲು ಹೋದರೆ ಸಿಗುವುದೇ ಇಲ್ಲ. ಊಟದ ಟೇಬಲ್, ಓದುವ ಟೇಬಲ್ ಎಲ್ಲ 30 ಇಂಚು ಎತ್ತರ. ಅದರ ಮೇಲೆ ಬಗ್ಗಿ ಒಂದು ತಾಸು ಕತ್ತರಿಸಿದರೆ ಸೊಂಟ ಹೋಗುತ್ತದೆ. ನೇರ ನಿಂತು ಮೊಣಕೈ ಮಡಚಿ. ಮೊಣಕೈಯಿಂದ ನೆಲಕ್ಕೆ ಎಷ್ಟಿದೆ ಅಳೆದು, ಅದರಲ್ಲಿ ನಾಲ್ಕು ಇಂಚು ಕಳೆಯಿರಿ. ನಿಮ್ಮ ಟೇಬಲ್ಲಿನ ಎತ್ತರ ಅದು. ನನ್ನದು 35 ಇಂಚು ಬಂತು.

ಮೇಲ್ಭಾಗಕ್ಕೆ ಹಳೇ ಬಾಗಿಲಿನಂಥದು ಇನ್ನೊಂದಿಲ್ಲ. ಆದರೆ ಚಂದದ ಸಾಗವಾನಿ ಬಾಗಿಲಿಗೆ ಮರುಳಾಗಬೇಡಿ. ಅದರಲ್ಲಿ ಚೌಕ ಚೌಕ ತಗ್ಗು ಇರುತ್ತದೆ. ಮಟ್ಟ ಮಾಡಲು ಗಾಜು ಹಾಕಬೇಕು, ಬಾಗಿಲಿಗಿಂತ ಗಾಜಿಗೇ ದುಡ್ಡು ಜಾಸ್ತಿ. ನಮಗೆ ಬೇಕಾದದ್ದು ಮಟ್ಟಸವಾದ ಫ್ಲಶ್ ಡೋರ್. ಅದು ಕೆಳಗಿನ ಅಂಚಿನಲ್ಲಿ ನೀರು ಕುಡಿದು ಉಬ್ಬಿರುತ್ತದೆ. ಅಷ್ಟು ಕತ್ತರಿಸಿ ಹಾಕಬೇಕು ಅಂತ ಲೆಕ್ಕ ಇಟ್ಟೇ ಅಳೆಯಿರಿ. ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ, ಅಂಚಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ, ಮಣ್ಣಿನ ಗೆರೆ ಕಂಡರೆ ಗೆದ್ದಲು. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಮರ ಕೊರೆಯುವ ಹುಳ. ಎರಡೂ ಮನೆಗೆ ಬರಬಾರದ ಅತಿಥಿಗಳು.

ನಮ್ಮ ಬಾಗಿಲು ಒಂದು ದವಾಖಾನೆಯದು, 900 ರೂಪಾಯಿ. 84 ಇಂಚು ಇದ್ದದ್ದು ಕೆಳಗಿನ ಆರು ಇಂಚು ಕತ್ತರಿಸಿದ ಮೇಲೆ 78 ಉಳಿಯಿತು. ಅಗಲ 36. ಅದೇ ಹಸಿರು ಬಣ್ಣ, ಎಲ್ಲ ದವಾಖಾನೆಯಲ್ಲೂ ಇರುತ್ತದಲ್ಲ, ಅದು. ಕಾಲಿಗೆ ಭಂಗಾರದಂಗಡಿಯಲ್ಲಿ ಶಾಲೆ ಬೆಂಚಿನ ಎರಡು ಕಬ್ಬಿಣದ ಚೌಕಟ್ಟು ಸಿಕ್ಕವು, 22 ಕಿಲೋ, 880 ರೂಪಾಯಿ. ವೆಲ್ಡಿಂಗ್ ಅಂಗಡಿಯಲ್ಲಿ ಬೇಕಾದಷ್ಟು ಎತ್ತರ ಮಾಡಿಸಲು 400. ಟಂಟಂ 300.

ಬಣ್ಣದ ವಿಷಯದಲ್ಲಿ ಹುಷಾರು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದು ಅಂದುಕೊಂಡೇ ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿಕೊಂಡು ವಾಟರ್ ಪೇಪರ್‌ನಿಂದ ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ಕೀಳುವ ಹಟ ಬೇಡ. ಮೇಲೆ ಹೊಸ ತಿಳಿ ಬಣ್ಣ ಎರಡು ಕೋಟು ಸಾಕು.

ನಮ್ಮ ಫರ್ಸಿ ಎಲ್ಲೂ ಒಂದೇ ಮಟ್ಟ ಇರುವುದಿಲ್ಲ, ಟೇಬಲ್ ಕುಂಟುತ್ತದೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕಾಲಿಗೆ ಮಡಿಕೆ ಮಾಡಿ ಸುತ್ತಿ. ಮಟ್ಟವೂ ಆಗುತ್ತದೆ, ಎಳೆದರೆ ಕಲ್ಲಿಗೆ ಗೀರೂ ಬೀಳುವುದಿಲ್ಲ. ನಮ್ಮ ಬಾಗಿಲಿನ ಬೀಗದ ತೂತು ಹಾಗೇ ಇದೆ. ಮುಚ್ಚಿಸಬೇಕು ಅಂತಿದ್ದೆ. ಒಂದು ದಿನ ದೊಡ್ಡ ಕತ್ತರಿ ಅದರಲ್ಲಿ ಇಳಿಬಿಟ್ಟೆ, ಹಿಡಿ ಮೇಲೆ ನಿಂತಿತು. ಈಗ ಕತ್ತರಿ ಹುಡುಕುವ ಕೆಲಸವೇ ಇಲ್ಲ.

ಬಟ್ಟೆ ಸರಿಯದಂತೆ ಒತ್ತಿ ಇಡಲು ಫರ್ಸಿ ಅಂಗಡಿಯ ಮುಂದೆ ಬಿದ್ದ ತುಂಡುಗಳನ್ನು ಕೇಳಿ ತನ್ನಿ. ಅಂಚನ್ನು ಇನ್ನೊಂದು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ತೊಳೆದು, ಹಳೇ ಬಟ್ಟೆಯ ಗವಸು ಹೊಲಿಯಿರಿ. ನೀವು ತಂದ ಮಷಿನ್ ಮೇಲೆ ಮೊದಲ ಹೊಲಿಗೆ ಇದೇ ಆಗಲಿ, ಕೈ ಕೂರುತ್ತದೆ.

ಅಲಮಾರಿ ಮತ್ತು ರ‍್ಯಾಕು

ಅಲಮಾರಿ ನೋಡುವಾಗ ಕನ್ನಡಿ, ಬಣ್ಣ ನೋಡಬೇಡಿ. ಕೆಳಗಿನ ತಟ್ಟೆ ನೋಡಿ, ತುಕ್ಕು ಶುರುವಾಗುವುದೇ ಅಲ್ಲಿ. ಬಾಗಿ, ಟಾರ್ಚ್ ಹಾಕಿ, ಬೆರಳಿನಿಂದ ಒತ್ತಿ. ಪುಡಿ ಉದುರಿದರೆ ಬಿಡಿ. ಬಾಗಿಲು ಸರಿಯಾಗಿ ಕೂರದಿದ್ದರೆ ಚಿಂತೆ ಇಲ್ಲ, ಬಹಳ ಸಲ ನೆಲ ಮಟ್ಟ ಇಲ್ಲದ್ದೇ ಕಾರಣ. ಒಂದು ಮೂಲೆಗೆ ತಗಡಿನ ತುಂಡು ಇಟ್ಟರೆ ಸರಿಹೋಗುತ್ತದೆ. ಚಾವಿ ಕಳೆದಿದ್ದರೆ ಅದನ್ನೇ ನೆಪ ಮಾಡಿ 500 ಇಳಿಸಿ. ಬೀದಿ ಬದಿ ಚಾವಿ ಮಾಡುವವರು ಇನ್ನೂರಕ್ಕೆ ಹೊಸದು ಮಾಡಿಕೊಡುತ್ತಾರೆ. ತುಕ್ಕು ಇದ್ದಲ್ಲಿ ಉಜ್ಜಿ, ರೆಡ್ ಆಕ್ಸೈಡ್ (ತುಕ್ಕು ತಡೆಯುವ ಪ್ರೈಮರ್) ಹಚ್ಚಿ, ಮೇಲೆ ಬಣ್ಣ. ಒಳಗೆ ಪೇಪರ್ ಹಾಸಬೇಡಿ. ಮಸಿ ಬಿಳಿ ಬಟ್ಟೆಗೆ ಅಂಟುತ್ತದೆ, ಹಳೇ ಧೋತರ ಹಾಸಿ. ನನಗೆ ಎಲ್ಲ ಸೇರಿ 5,500 ಆಯಿತು, ಅಲಮಾರಿಯ ಬೆಲೆ ಅದರಲ್ಲಿ 4,200.

ರ‍್ಯಾಕು, ಅಲಮಾರಿ ಎರಡನ್ನೂ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಯಿರಿ. ಮಕ್ಕಳು ಏರಲು ನೋಡುತ್ತಾರೆ. ನಮ್ಮ ಊರಿನ ಧೂಳಿಗೆ ತೆರೆದ ರ‍್ಯಾಕು ಆಗುವುದಿಲ್ಲ, ಮುಂದೆ ಹಳೇ ಸೀರೆಯ ಪರದೆ ಹಾಕಿ.

2,300 ರೂಪಾಯಿ ದಂಡದ ಕಥೆ

ಒಂದು ಹಾಸ್ಟೆಲ್ ಮುಚ್ಚುತ್ತಿತ್ತು. ಅಲ್ಲಿ ಮರದ ಬೆಂಚು, ಮೇಲೆ ಕುಶನ್, ಕೆಳಗೆ ಡ್ರಾವರು. 1,800ಕ್ಕೆ ಸಿಕ್ಕಿತು, ಟಂಟಂಗೆ 500. ಖುಷಿಯಿಂದ ಕಿಡಕಿ ಕೆಳಗೆ ಇಟ್ಟೆ. ಮೂರನೇ ದಿನ ಅದರ ಮೇಲೆ ಮಲಗಿದ ಮಗಳ ಕೈಯಲ್ಲಿ ಸಾಲು ಗುಳ್ಳೆ. ತಿಗಣೆ!

ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾಳಿಗೆ ಬಿಸಿಲಿಗೆ ಇಟ್ಟೆವು. ಕಲಬುರಗಿಯ ಮೇ ತಿಂಗಳು, ನೆರಳಲ್ಲೇ 42 ಡಿಗ್ರಿ, ಸಾಯದೆ ಇರುತ್ತವಾ ಅಂದುಕೊಂಡೆ. 50 ಡಿಗ್ರಿ ಕಾವಿಗೆ ತಿಗಣೆ, ಮೊಟ್ಟೆ ಎರಡೂ ಸಾಯುವುದು ನಿಜ. ಆದರೆ ದಪ್ಪ ಮರದ ಸಂದಿ ಅಷ್ಟು ಕಾಯುವುದಿಲ್ಲ, ಕುಶನ್ನಿನ ಒಳಗಂತೂ ಇಲ್ಲವೇ ಇಲ್ಲ. ಊಟ ಇಲ್ಲದೆ ಅವು ತಿಂಗಳುಗಟ್ಟಲೆ ಬದುಕುತ್ತವೆ. ವಾರ ಬಿಟ್ಟು ಮತ್ತೆ ಬಂದವು. ಬೇರೆಯವರಿಗೆ ಮಾರಲು ಮನಸ್ಸು ಒಪ್ಪಲಿಲ್ಲ. ಬೆಂಚು ಸ್ನಾನದ ನೀರಿನ ಹಂಡೆ ಒಲೆ ಸೇರಿತು.

ಹಾಗಾಗಿ ಈಗ ಮರದ ಸಾಮಾನು ಕೊಳ್ಳುವ ಮುಂಚೆ ಹಳೇ ಎಟಿಎಂ ಕಾರ್ಡು, ಟಾರ್ಚು ಒಯ್ಯುತ್ತೇನೆ. ಪ್ರತಿ ಸಂದಿಯಲ್ಲಿ ಕಾರ್ಡು ಎಳೆದು ನೋಡಿ. ಕಾಡಿಗೆ ಚುಕ್ಕೆಯಂಥ ಕಪ್ಪು ಕಲೆ, ಬಿಳಿ ಮೊಟ್ಟೆ, ಕಳಚಿದ ತೊಗಲು ಕಂಡರೆ ಅಲ್ಲಿಂದಲೇ ವಾಪಸ್. ಏನೂ ಕಾಣದಿದ್ದರೂ ಎರಡು ವಾರ ಹೊರಗೆ, ಅಂಗಳದಲ್ಲೋ ಮಾಳಿಗೆ ಮೇಲೋ ಇಟ್ಟು ಎರಡು ಮೂರು ಸಲ ನೋಡಿಯೇ ಒಳಗೆ ತನ್ನಿ. ಕೌದಿಗೆ ಅಂತ ತಂದ ಹಳೇ ಸೀರೆ, ದರ್ಜಿ ಅಂಗಡಿಯ ಚಿಂದಿಯನ್ನೂ ಬಿಸಿ ನೀರಲ್ಲಿ ಒಗೆದು ಒಣಗಿಸದೆ ಅಲಮಾರಿಗೆ ಇಡಬೇಡಿ.

ಸಣ್ಣ ಸಾಮಾನಿಗೆ ಸಣ್ಣ ಮನೆ

ಹೋಟೆಲ್, ಬೇಕರಿಯವರು ಮಾರುವ 15 ಕಿಲೋ ಎಣ್ಣೆಯ ಚೌಕ ತಗಡಿನ ಡಬ್ಬಿ ನನ್ನ ಪ್ರಕಾರ ಖೋಲಿಯ ರಾಜ. 20 ರೂಪಾಯಿಗೆ ಒಂದರಂತೆ 12 ತಂದೆ. ಮೇಲಿನ ಮುಚ್ಚಳ ಕತ್ತರಿಸಿ, ಅಂಚನ್ನು ಇಕ್ಕಳದಿಂದ ಒಳಗೆ ಮಡಚಿ ಸುತ್ತಿಗೆಯಿಂದ ತಟ್ಟಿ. ಮಡಚದಿದ್ದರೆ ಕೈ ಕುಯ್ಯುವುದು ಖಂಡಿತ. ಬಿಸಿ ನೀರು, ವಾಷಿಂಗ್ ಸೋಡಾ ಹಾಕಿ ಎರಡು ಸಲ ತೊಳೆಯಿರಿ. ಅಡ್ಡ ಮಲಗಿಸಿ ಟೇಬಲ್ಲಿನ ಕೆಳಗೆ ಜೋಡಿಸಿದರೆ ಪಾರಿವಾಳದ ಗೂಡಿನ ಹಾಗೆ ಖಾನೆಗಳು. ಬಣ್ಣಕ್ಕೊಂದು ಗೂಡು.

ಗುಂಡಿ, ಮಣಿ, ಲಂಬಾಣಿ ಕಸೂತಿಯ ಕನ್ನಡಿ ಚೂರು, ಕವಡೆ – ಇವಕ್ಕೆ ಮುಚ್ಚಿಹೋದ ಹಳೇ ಮುದ್ರಣಾಲಯದ ಅಚ್ಚುಮೊಳೆ ಇಡುವ ಮರದ ತಟ್ಟೆ ಬಹಳ ಚಂದ. ಒಂದೊಂದರಲ್ಲೂ ಹತ್ತಾರು ಖಾನೆ. ನನಗೆ ಎರಡು ಸಿಕ್ಕವು, ಮುನ್ನೂರರಂತೆ. ಆದರೆ ಆ ಮೊಳೆ ಸೀಸದ್ದು. ಖಾನೆಯ ಮೂಲೆಯಲ್ಲಿ ಬೂದು ಧೂಳು ಕೂತಿರುತ್ತದೆ. ಪೊರಕೆ, ಒಣ ಬ್ರಶ್ ಹಾಕಲೇಬಾರದು. ಸೋಪು ನೀರಿನ ಒದ್ದೆ ಬಟ್ಟೆಯಿಂದ ಮೂರ್ನಾಲ್ಕು ಸಲ ಒರೆಸಿ, ಬಟ್ಟೆ ಎಸೆದು, ಕೈ ತೊಳೆದು, ಒಣಗಿದ ಮೇಲೆ ಎರಡು ಕೋಟು ವಾರ್ನಿಶ್. ತೆವಳುವ ಮಕ್ಕಳಿರುವ ಮನೆಗೆ ಇದು ಬೇಡ, ಗಾಜಿನ ಬಾಟಲಿಯೇ ಸಾಕು.

ಇಲಾಸ್ಟಿಕ್ಕು, ಅಂಟು, ಮೇಣ ಮಾಳಿಗೆ ಖೋಲಿಯ ಸೆಕೆಗೆ ಹಾಳಾಗುತ್ತವೆ. ಅವನ್ನು ಅಲಮಾರಿಯ ಕೆಳಗಿನ ಖಾನೆಯಲ್ಲಿ ಇಡಿ, ಇಲ್ಲವೇ ಬೇಸಿಗೆಯಲ್ಲಿ ಕೆಳಮನೆಗೆ ಒಯ್ಯಿರಿ.

ಬೆಳಕು, ಕರೆಂಟು

ಇಲ್ಲಿ ಉಳಿತಾಯ ಮಾಡಬೇಡಿ. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲದಿದ್ದರೆ ಸೂಜಿಯ ಮೇಲೆ ಸ್ವಂತ ಕೈಯದೇ ನೆರಳು. ಕೂತಾಗ ಕಿಡಕಿ ನಿಮ್ಮ ಎಡಕ್ಕೆ ಬರುವ ಹಾಗೆ ಮಷಿನ್ ಇಟ್ಟರೆ ಆಯಿತು. ಉತ್ತರದ ಕಿಡಕಿ ಇದ್ದರೆ ನೀವು ಪುಣ್ಯವಂತರು, ದಿನವಿಡೀ ಒಂದೇ ಸಮ ಬೆಳಕು. ನಾಲ್ಕು ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬು ಹೊಸದು ಹಾಕಿಸಿ. ಡಬ್ಬಿ ಮೇಲೆ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಇರುವುದನ್ನು, ಸಿಆರ್‌ಐ 90 ಇರುವುದು ಸಿಕ್ಕರೆ ಅದನ್ನೇ ಕೇಳಿ. ಸಿಆರ್‌ಐ ಅಂದರೆ ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ. ಅದು ಕಡಿಮೆ ಇದ್ದರೆ ರಾತ್ರಿ ಕಡುನೀಲಿ ದಾರ ಕಪ್ಪು ಅಂದುಕೊಂಡು ಹೊಲಿದು ಬೆಳಿಗ್ಗೆ ಬಿಚ್ಚಬೇಕಾಗುತ್ತದೆ.

ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಇದೆಯಾ ನೋಡಿಸಿ. ಇಸ್ತ್ರಿ ಪೆಟ್ಟಿಗೆಯನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕದೆ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ನನಗೆ ಟ್ಯೂಬು, ವೈರು, ಎರಡು ಸಾಕೆಟ್ಟು, ಕೂಲಿ ಸೇರಿ 1,600 ಆಯಿತು.

ಜೋಡಿಸಿ ಒಂದು ತಿಂಗಳು ಆದ ಮೇಲೆ

ಗೋಡೆಗೆ ಕ್ಲಾಂಪ್ ಬಿಗಿಯುವ ಮುಂಚೆ ಒಂದು ತಿಂಗಳು ಕೆಲಸ ಮಾಡಿ ನೋಡಬೇಕು ಅಂತ ಮೊದಲು ಅಂದುಕೊಂಡಿದ್ದೆ. ಮಕ್ಕಳಿರುವ ಮನೆಯಲ್ಲಿ ಅದು ಆಗದ ಮಾತು. ಮೊದಲೇ ಬಿಗಿಯಿರಿ, ಬೇಕಾದರೆ ಆಮೇಲೆ ಬಿಚ್ಚಿ ಸರಿಸಿ. ನಾನು ರ‍್ಯಾಕನ್ನು ಒಂದು ಸಲ ಸರಿಸಿದೆ. ಟೇಬಲ್ಲಿನಿಂದ ಕೈಗೆ ಎಟುಕುತ್ತಿರಲಿಲ್ಲ.

ಗಾಲಿ ಇರುವ ಆಫೀಸ್ ಕುರ್ಚಿಯೊಂದನ್ನು ಆಸೆಪಟ್ಟು ತಂದಿದ್ದೆ. ಕಾಲಿನ ಮಷಿನ್ ತುಳಿಯುವಾಗ ಅದು ಹಿಂದೆ ಹಿಂದೆ ಓಡುತ್ತದೆ. ಕೊಂಡ ಬೆಲೆಗೇ ಮಾರಿ, 250ಕ್ಕೆ ಕೈಯಿಲ್ಲದ ಮರದ ಸ್ಟೂಲು ತಂದೆ. ಹಳೇ ಸಾಮಾನಿನಲ್ಲಿ ಇದೊಂದು ಸುಖ, ಕೊಂಡ ಬೆಲೆಗೆ ಮತ್ತೆ ಹೋಗುತ್ತದೆ.

ಇನ್ನೊಂದು ಮರೆತಿದ್ದೆ. ಭಂಗಾರದಂಗಡಿಗೆ ಹೋದಾಗ ಒಡೆದ ಸ್ಪೀಕರಿನ ಮ್ಯಾಗ್ನೆಟ್ ಕೇಳಿ ತನ್ನಿ, ಹತ್ತಿಪ್ಪತ್ತು ರೂಪಾಯಿ. ದಾರಕ್ಕೆ ಕಟ್ಟಿ ಸಂಜೆ ಎದ್ದು ಹೋಗುವಾಗ ಫರ್ಸಿಯ ಮೇಲೆ ಎಳೆದಾಡಿ. ಅತ್ತೆ ಬರಿಗಾಲಲ್ಲಿ ಬಂದು ಕೌದಿಗೆ ಕೂರುವ ಮುಂಚೆ ನಾನು ದಿನಾ ಮಾಡುವ ಕೆಲಸ ಇದು. ನಿನ್ನೆ ಸಿಕ್ಕಿದ್ದು ಏಳು ಗುಂಡುಪಿನ್ನು, ಎರಡು ಸೂಜಿ, ಮಗಳ ಒಂದು ಹೇರ್‌ಪಿನ್ನು.